ಕೋಡೊಲೆಯ ಬಿಸಿ

ಧನುರ್ಮಾಸದ ಬೆಳಗಿನ ಆರು ಗಂಟೆಗೆ ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಹೊರಟರೆ, ತೋಟಗಳ ಮೇಲೆ ಕವಿದ ಮಂಜಿನ ಚಂದವನ್ನು ನೋಡುವ ಮೊದಲು ಸ್ಟಿಯರಿಂಗ್ ಹಿಡಿದ ಬೆರಳುಗಳು ಮರಗಟ್ಟುತ್ತವೆ. ನಾನು ಹೀಟರಿನ ತಿರುಪನ್ನು ಕೆಂಪು ಗುರುತಿನತ್ತ ತಿರುಗಿಸಿದೊಡನೆ, ಪಕ್ಕದಲ್ಲಿ ಮಫ್ಲರ್ ಸುತ್ತಿಕೊಂಡು ಕುಳಿತ ನನ್ನ ಭಾವನವರು ಅದನ್ನು ಮರಳಿ ನೀಲಿಗೆ ತಂದು, "ಪೆಟ್ರೋಲೇನು ಪುಕ್ಕಟೆ ಬರ್ತದಾ ಮಾರಾಯ?" ಎಂದು ಹಲ್ಲು ಕಟಕಟಿಸುತ್ತಲೇ ಕೇಳುತ್ತಾರೆ.

ಅವರಿಗೆ ನಾನು ಅವರದೇ ಹಳೆಯ ಅಡುಗೆಮನೆಯ ಕೋಡೊಲೆಯನ್ನು ನೆನಪಿಸುತ್ತೇನೆ. ಅದಕ್ಕೆಂದು ಬೇರೆ ಸೌದೆ ಹಾಕುವವರಿರಲಿಲ್ಲ; ಮುಖ್ಯ ಒಲೆಯಲ್ಲಿ ಅನ್ನ ಬೇಯುವಾಗ ಪಕ್ಕಕ್ಕೆ ಹಾಯುವ ಉರಿಯಲ್ಲೇ ಹಾಲು ಬೆಚ್ಚಗಿರುತ್ತಿತ್ತು. ಕಾರಿನ ಹೀಟರೂ ಹಾಗೆಯೇ. ಎಂಜಿನ್ ಸುಡುವ ಪೆಟ್ರೋಲಿನ ಶಕ್ತಿಯಲ್ಲಿ ಗಾಡಿ ಎಳೆಯಲು ಒದಗುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲಿನ ಆಸುಪಾಸು. ಮಿಕ್ಕದ್ದರಲ್ಲಿ ಬಹುಪಾಲು ಸೈಲೆನ್ಸರಿನಿಂದಲೂ ರೇಡಿಯೇಟರಿನಿಂದಲೂ ಬಿಸಿಯಾಗಿ ಗಾಳಿಗೆ ಸೇರುತ್ತದೆ. ಎಂಜಿನ್ನನ್ನು ತಣಿಸಿ ರೇಡಿಯೇಟರಿಗೆ ಹೋಗುವ ಬಿಸಿನೀರಿನ ಒಂದಂಶವನ್ನು ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರೊಂದಕ್ಕೆ ಹರಿಸಿ, ಫ್ಯಾನಿನಿಂದ ಗಾಳಿ ಊದಿದರೆ ಅದೇ ಹೀಟರ್. ಹೆಚ್ಚುವರಿ ಖರ್ಚೆಂದರೆ ಫ್ಯಾನಿನ ನೂರು ಇನ್ನೂರು ವ್ಯಾಟ್ ಮಾತ್ರ.

ಭಾವನವರ ಮಾತಿನಲ್ಲಿ ಹುರುಳೇ ಇಲ್ಲವೆನ್ನಲಾರೆ. ತಣ್ಣಗಿರುವ ಎಂಜಿನ್ ಹೆಚ್ಚು ಪೆಟ್ರೋಲ್ ಬೇಡುತ್ತದೆ; ಅದಿನ್ನೂ ಬಿಸಿಯಾಗುವ ಮೊದಲೇ ಹೀಟರ್ ಹಾಕಿದರೆ, ಅದು ಕೂಡಿಡುತ್ತಿರುವ ಬಿಸಿಯನ್ನು ಕಸಿದುಕೊಂಡಂತಾಗಿ ಆ ಹೆಚ್ಚಿನ ಕುಡಿತ ತುಸು ಲಂಬಿಸುತ್ತದೆ. ಹೇಗೂ ಮೊದಲ ಎರಡು ಮೂರು ಕಿಲೋಮೀಟರ್ ಬರುವುದು ತಣ್ಣನೆಯ ಗಾಳಿಯೇ ಆದ್ದರಿಂದ, ಎಂಜಿನ್ನಿನ ಬಿಸಿ ತೋರಿಸುವ ಸೂಜಿ ಮೇಲೇರುವವರೆಗೆ ಕಾಯುವುದರಲ್ಲಿ ನಷ್ಟವಿಲ್ಲ. ಕೊಟ್ಟಿಗೆಹಾರದ ಮಂಜಿನಲ್ಲಿ ಗಾಜು ಮಸುಕಾದಾಗ ಒತ್ತುವ ಗುಂಡಿಯ ಲೆಕ್ಕವೇ ಬೇರೆ: ಅನೇಕ ಕಾರುಗಳಲ್ಲಿ ಅದು ಗಾಳಿಯ ತೇವ ಹೀರಲೆಂದು ಏಸಿಯನ್ನೂ ತಾನಾಗಿ ಚಾಲೂ ಮಾಡುತ್ತದೆ, ಏಸಿಯ ಕಂಪ್ರೆಸರ್ ಎಂಜಿನ್ನಿನಿಂದ ನಿಜವಾಗಿಯೂ ಕೂಲಿ ಕೀಳುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ಎದುರಿನ ಲಾರಿ ಕಾಣಬೇಕಾದರೆ ಆ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡುವುದೇ ಲೇಸು.

ಆದರೆ ಹೀಟರಿಗೆ ಇಷ್ಟು ಬಿಗಿಹಿಡಿಯುವ ಇದೇ ಭಾವನವರು, ಕಾರು ಬೆಚ್ಚಗಾಗಲೆಂದು ಅಂಗಳದಲ್ಲಿ ಹತ್ತು ನಿಮಿಷ ಎಂಜಿನ್ ಓಡಿಸುತ್ತಾ ಒಳಗೆ ಕುಳಿತು ಕಾಫಿ ಕುಡಿಯುತ್ತಾರೆ. ಗಾಲಿ ಒಂದು ಸುತ್ತೂ ತಿರುಗದೆ ಪೆಟ್ರೋಲ್ ಸುಡುವುದು ಅಲ್ಲಿ. ನಿಧಾನವಾಗಿ ಓಡಿಸಿಕೊಂಡು ಹೋದರೆ ಎಂಜಿನ್ ಅದಕ್ಕಿಂತ ಬೇಗ ಬಿಸಿಯಾಗುತ್ತದೆ ಎಂದರೆ, ಅವರಿಗೆ ನನ್ನ ಮಾತು ಆಗ ಮಾತ್ರ ಕೇಳಿಸುವುದಿಲ್ಲ.

ಕಳೆದ ಸಂಕ್ರಾಂತಿಗೆ ಅವರ ಮಗ ಬೆಂಗಳೂರಿನಿಂದ ಹೊಸ ಎಲೆಕ್ಟ್ರಿಕ್ ಕಾರು ತಂದಿದ್ದ. ಅದರಲ್ಲಿ ಒಲೆಯೇ ಇಲ್ಲದ ಮೇಲೆ ಕೋಡೊಲೆ ಎಲ್ಲಿಯದು? ಹೀಟರಿನ ಬಿಸಿಗೆ ಬ್ಯಾಟರಿಯೇ ಗತಿಯಾದ್ದರಿಂದ, ಓಡುವ ದೂರ ಅಷ್ಟು ಕುಗ್ಗುತ್ತದೆ. ಭಾವನವರು ಮುಂದಿನ ಸೀಟಿನಲ್ಲಿ ಕುಳಿತು, ಹೀಟರನ್ನು ಪೂರ್ತಿ ಏರಿಸಿ, ಮಫ್ಲರ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಉಳಿದ ಕಿಲೋಮೀಟರುಗಳ ಅಂಕಿಯನ್ನೇ ಮಗ ನೋಡುತ್ತಿರುವುದನ್ನು ಕಂಡು, ನನ್ನತ್ತ ತಿರುಗಿ, "ಇದು ಪುಕ್ಕಟೆ ಅಂತ ಇವನಿಗೂ ಸ್ವಲ್ಪ ಹೇಳು ಮಾರಾಯ" ಎಂದರು.