ಉಪ್ಪಾಗೆ ಕಷಾಯದಿಂದ ಸೊಂಟ ಸಣ್ಣಗಾಗದು: ಸ್ಪಷ್ಟನೆ

"ಉಪ್ಪಾಗೆ ಸಿಪ್ಪೆಯ ಕಷಾಯ ಕುಡಿದರೆ ತಿಂಗಳಿಗೆ ಐದು ಕಿಲೋ ಇಳಿಯುತ್ತದೆ, ದಪ್ಪಗಿರುವ ಗೆಳತಿಗೂ ಕಳಿಸಿ" ಎಂಬ ಸಂದೇಶ ತೀರ್ಥಹಳ್ಳಿ, ಹೊಸನಗರ ಕಡೆಯ ಹೆಂಗಸರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಮಲೆನಾಡಿನ ಹುಳಿಹಣ್ಣಾದ ಉಪ್ಪಾಗೆಯ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿದೆ; ಕೊಬ್ಬು ತಯಾರಿಸುವ ಕಿಣ್ವವೊಂದನ್ನು ಅದು ಪ್ರಯೋಗಾಲಯದಲ್ಲಿ ತಡೆಯುತ್ತದೆ, ನಿಜ. ಆದರೆ 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 135 ಜನರನ್ನು 12 ವಾರ ಗಮನಿಸಿತು. ದಿನಕ್ಕೆ 1500 ಮಿಲಿಗ್ರಾಂ ಈ ಆಮ್ಲ ಸೇವಿಸಿದವರ ತೂಕ, ಔಷಧವೇ ಇಲ್ಲದ ಹುಸಿಗುಳಿಗೆ ನುಂಗಿದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಇದೇ ಸಾರದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಅಡುಗೆಗೆ ಹುಳಿಯಾಗಿ ಬಳಸಲು ಅಡ್ಡಿಯಿಲ್ಲ.

ನಮಗೆ ನೋವಾದದ್ದು ಆ "ಗೆಳತಿಗೂ ಕಳಿಸಿ"ಗೆ. ಅವಳು ಕೇಳದೆ ಮೈಕಟ್ಟಿನ ಮಾತೆತ್ತಬೇಡಿ. ಊಟ ಬಿಡುತ್ತಿದ್ದರೆ, ಮೂರು ತಿಂಗಳು ಮುಟ್ಟು ನಿಂತಿದ್ದರೆ, ಅವಳ ಜೊತೆಗೇ ವೈದ್ಯರ ಬಳಿ ಹೋಗಿ.