ಸತ್ಯಾಂಶ: ಸಿಂಫನಿ ಕೇಳಿಸಿದರೆ ಮಗು ಜಾಣವಾಗುತ್ತದೆಯೇ?

ತೀರ್ಥಹಳ್ಳಿಯ ಕಡೆ ಮಳೆಗೆ ಕರೆಂಟ್ ಹೋದರೂ ವಾಟ್ಸಾಪ್ ಸಂದೇಶಗಳು ನಿಲ್ಲುವುದಿಲ್ಲ. ಹಳೆಯದೊಂದು ಮತ್ತೆ ಬಂದಿದೆ: ಯುರೋಪಿನ ಸಂಗೀತಕಾರ ಮೊಸಾರ್ಟ್‌ನ ಸಿಂಫನಿ (ದೊಡ್ಡ ವಾದ್ಯವೃಂದ ನುಡಿಸುವ ಕೃತಿ) ಕೇಳಿಸಿದರೆ ಮಗುವಿನ ಬುದ್ಧಿ ಹೆಚ್ಚುತ್ತದೆಯಂತೆ. ಹಾಗೇನೂ ಇಲ್ಲ.

ಇದರ ಮೂಲ 1993ರ ಒಂದು ಪ್ರಯೋಗ. ಅಲ್ಲಿ ಶಿಶುಗಳೇ ಇರಲಿಲ್ಲ; ಇದ್ದವರು 36 ಮಂದಿ ಕಾಲೇಜು ವಿದ್ಯಾರ್ಥಿಗಳು. ಕೇಳಿಸಿದ್ದೂ ಸಿಂಫನಿಯಲ್ಲ, ಅವನದೇ ಸೊನಾಟಾ, ಅಂದರೆ ಎರಡು ಪಿಯಾನೊಗಳಲ್ಲಷ್ಟೇ ನುಡಿಸುವ ಕೃತಿ, ಅದೂ 10 ನಿಮಿಷ. ಮಡಚಿ ಕತ್ತರಿಸಿದ ಕಾಗದ ಬಿಚ್ಚಿದರೆ ಹೇಗೆ ಕಾಣುತ್ತದೆ ಎಂಬಂಥ ಪ್ರಶ್ನೆಗಳಲ್ಲಿ ಅವರು ತುಸು ಚುರುಕಾದರು. ಕಾಲು ಗಂಟೆಯೊಳಗೆ ಆ ಚುರುಕು ಇಳಿಯಿತು. ಮುಂದಿನ ಪ್ರಯೋಗವೊಂದರಲ್ಲಿ, ಸಂಗೀತಕ್ಕಿಂತ ಕಥೆಯನ್ನು ಇಷ್ಟಪಟ್ಟವರು ಕಥೆ ಕೇಳಿದ ಮೇಲೆಯೇ ಹೆಚ್ಚು ಚುರುಕಾಗಿದ್ದರು. ಕೆಲಸ ಮಾಡಿದ್ದು ಅರಳಿದ ಮನಸ್ಸು. ನಮ್ಮವರಿಗೆ ಯಕ್ಷಗಾನದ ಚೆಂಡೆಯೂ ಸಾಕಿತ್ತೇನೋ!

ಸಂದೇಶ ಕಳುಹಿಸಿದ ಚಿಕ್ಕಮ್ಮನ ಕಾಳಜಿ ನಿಜವೇ. ಆದರೆ ‘ವಿಜ್ಞಾನಿಗಳು ಹೇಳಿದ್ದಾರೆ’ ಎಂದಿದ್ದರೆ ಕೇಳಿ ನೋಡಿ: ಯಾವ ವರ್ಷ, ಯಾರ ಮೇಲೆ, ಎಷ್ಟು ಜನ, ಪರಿಣಾಮ ಎಷ್ಟು ಹೊತ್ತು? ಉತ್ತರ ಅಲ್ಲಿಲ್ಲದಿದ್ದರೆ ಮೂಲ ವರದಿಯ ಸಾರಾಂಶ ಹುಡುಕಿ. ಬೇರೆಯವರು ಅದೇ ಪ್ರಯೋಗ ಮಾಡಿದಾಗ ಏನಾಯಿತು ಎಂಬುದನ್ನೂ ನೋಡಿ.

ಮೊನ್ನೆ ಮನೆಯಲ್ಲಿ ಮೊಸಾರ್ಟ್‌ನ 40ನೆಯ ಸಿಂಫನಿ ಹಾಕಿದಾಗ ನನಗೆ ಮೈ ನವಿರೆದ್ದಿತು. ಮಗು ನಿದ್ದೆ ಹೋಯಿತು.