ನೆಲದ ಹಂತಿಯಲ್ಲಿ ನಾವು ಏಳು ಜನ

ಕಳೆದ ತಿಂಗಳು ನಮ್ಮ ಕಾಸರಗೋಡಿನ ಬದಿಯಡ್ಕದ ಹತ್ತಿರ ನೆಂಟರ ಮನೆಯಲ್ಲಿ ಪೂಜೆ ಇತ್ತು. ಊಟಕ್ಕೆ ಎರಡು ಕಡೆ ಎಲೆ ಹಾಕಿದ್ದರು. ಚಪ್ಪರದಲ್ಲಿ ಮೇಜು ಕುರ್ಚಿ, ಜಗಲಿಯಲ್ಲಿ ನೆಲದ ಹಂತಿ. ನೆಲದಲ್ಲಿ ಕೂತದ್ದು ಭಟ್ರು, ನಾಲ್ಕು ಮಕ್ಕಳು, 80 ದಾಟಿದ ಒಬ್ಬರು ಅಜ್ಜ, ಮತ್ತೆ ನಾನು. ಉಳಿದವರೆಲ್ಲ ಮೇಜಿಗೆ. 40 ವರ್ಷದವರೂ! "ಕೂತರೆ ಮತ್ತೆ ಏಳ್ಲಿಕ್ಕೆ ಆಗುವುದಿಲ್ಲ ಮಾರಾಯ್ತಿ" ಅಂದಳು ನನಗಿಂತ ಹತ್ತು ವರ್ಷ ಚಿಕ್ಕವಳು.

ಕೈ ತೊಳೆಯುವಲ್ಲಿ ವಿಟಮಿನ್ ಮಾತು ಶುರುವಾಯಿತು. "ನನ್ನದು ಡಿ ಬರೇ 11." "ನನ್ನದು 9." ಕಡಿಮೆ ಮಾರ್ಕು ಬಂದವರಿಗೇ ಗೌರವ ಜಾಸ್ತಿ ಎನ್ನುವ ಹಾಗೆ. ಯಾರ ಪರ್ಸಿನಲ್ಲಿ ನೋಡಿದರೂ ಗುಳಿಗೆ ಇದೆ. ನೆಲದಿಂದ ಏಳುವ ಕಾಲು ಮಾತ್ರ ಇಲ್ಲ.

ನಾನು ವಿಟಮಿನ್ ಬೈಯುವವಳಲ್ಲ. ಮೂರು ವರ್ಷದ ಹಿಂದೆ ನನ್ನ ಪಾದದಲ್ಲಿ ಇರುವೆ ಹರಿದ ಹಾಗೆ ಜುಮುಜುಮು ಶುರುವಾಯಿತು. ಚಪ್ಪಲಿಯ ತಪ್ಪು ಅಂತ ಎರಡು ಜೊತೆ ಬದಲಾಯಿಸಿದೆ. ಕೊನೆಗೆ ರಕ್ತ ನೋಡಿದರೆ ಬಿ12 ತಳ ಹಿಡಿದಿತ್ತು. ಈ ಬಿ12 ಯಾವ ಸೊಪ್ಪಿನಲ್ಲೂ ಇಲ್ಲ, ಕಾಯಿಯಲ್ಲೂ ಇಲ್ಲ. ಅದನ್ನು ಮಾಡುವುದು ಬ್ಯಾಕ್ಟೀರಿಯಾ. ನಮಗೆ ಸಿಗುವುದು ಮೀನು, ಮಾಂಸ, ಮೊಟ್ಟೆ, ಹಾಲು ಮೊಸರಿನಿಂದ. ದಿನಕ್ಕೆ 2.2 ಮೈಕ್ರೋಗ್ರಾಂ ಬೇಕು, ಒಂದು ಲೋಟ ಹಾಲಿನಲ್ಲಿ ಸುಮಾರು 1 ಇರುತ್ತದೆ. ನಮ್ಮದು ಸಸ್ಯಾಹಾರದ ಮನೆ. ನಾನೋ ಹಾಲು ಬಿಟ್ಟು ಕಣ್ಣ ಚಹಾಕ್ಕೆ ಬಿದ್ದವಳು. ಸಾಲದ್ದಕ್ಕೆ ವರ್ಷಗಟ್ಟಲೆ ಬೆಳಿಗ್ಗೆ ಎದ್ದ ಕೂಡಲೇ ಗ್ಯಾಸಿನ ಗುಳಿಗೆ. ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲವೇ ಬೇಕು, ಆ ಗುಳಿಗೆ ಆಮ್ಲವನ್ನೇ ಕಡಿಮೆ ಮಾಡುತ್ತದೆ. ಶುಗರಿಗೆ ಮೆಟ್‌ಫಾರ್ಮಿನ್ ತುಂಬಾ ವರ್ಷದಿಂದ ತೆಗೆದುಕೊಳ್ಳುವವರಿಗೂ ಬಿ12 ಇಳಿಯಬಹುದು. ಅವರು ಡಾಕ್ಟರ ಹತ್ತಿರ ಒಮ್ಮೆ ಕೇಳಿ ನೋಡಿ.

ಇಂಜೆಕ್ಷನ್ ಆಯಿತು. ಕೆಲವು ತಿಂಗಳಲ್ಲಿ ಜುಮುಜುಮು ನಿಂತಿತು. ಆದರೆ ನೆಲದಲ್ಲಿ ಕೂತು ಭಜನೆ ಮುಗಿಸಿ ಏಳುವಾಗ ಪಕ್ಕದವರ ಹೆಗಲು ಬೇಕೇ ಬೇಕು. ಅದನ್ನು ಹೇಳಿದ್ದಕ್ಕೆ ಡಾಕ್ಟರು, "ಕೊರತೆ ತುಂಬಿಸಿದ್ದೇನೆ. ಬಲಕ್ಕೆ ನೀವೇ ಭಾರ ಎತ್ತಬೇಕು" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

30 ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದಂತೆ, 60ರ ನಂತರ ಇನ್ನೂ ಬೇಗ. ಇದು ಓದಿ ಬೇಸರವಾಗಿತ್ತು. ಆಮೇಲೆ 1990ರ ಒಂದು ಅಮೆರಿಕದ ಅಧ್ಯಯನ ಓದಿದೆ. ಬೋಸ್ಟನ್ನಿನ ವೃದ್ಧಾಶ್ರಮದಲ್ಲಿ 90ರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕೊನೆಯ ತನಕ ಉಳಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇ. 174 ಹೆಚ್ಚಿತು. 90ರ ಅಜ್ಜಿಗೆ ಆಗುವುದು 55ರ ನನಗೆ ಯಾಕಾಗಬಾರದು?

ಹಾಗೆ ಜಿಮ್ಮಿಗೆ ಹೋದೆ. ಚೂಡಿದಾರ್ ಹಾಕಿಕೊಂಡೇ. ಕಲಿಸುವ ಹುಡುಗ ಮಲಯಾಳಿ, ನನ್ನ ಮಗನಿಗಿಂತ ಚಿಕ್ಕವ. ಸ್ಕ್ವಾಟ್ ಅಂದ. ಮಾಡಿ ನೋಡಿದರೆ ಹಳೆಯ ಮನೆಯ ಪಾಯಿಖಾನೆಯಲ್ಲಿ ಕೂರುವ ಭಂಗಿ! ಹತ್ತಕ್ಕೆ ನಿಲ್ಲಿಸಿದರೆ "ಚೇಚೀ, ರಂಡೆಣ್ಣಂ ಕೂಡಿ" ಅಂತ ಇನ್ನೆರಡು ಮಾಡಿಸುತ್ತಾನೆ. ನಮ್ಮ ಕಡೆ ಗರಡಿ ಎಂದರೆ ಈಗ ದೈವದ ನೇಮ ನಡೆಯುವ ಜಾಗ ಅಲ್ವಾ, ಅಲ್ಲಿ ಹಿಂದೆ ಅಂಗಸಾಧನೆ ಮಾಡುತ್ತಿದ್ದರು ಎನ್ನುವುದೇ ಮರೆತುಹೋಗಿದೆ.

"ಹಿಂದಿನವರು ಜಿಮ್ಮಿಗೆ ಹೋಗಿದ್ದರಾ? ತೋಟದ ಕೆಲಸ ಮಾಡಿ ಸಾಕು" ಎನ್ನುವವರಿಗೆ ನನ್ನ ಉತ್ತರ ಅಮ್ಮ. ಬಾವಿಯಿಂದ ನೀರು ಸೇದಿದರು, ಕಡೆಯುವ ಕಲ್ಲಿನಲ್ಲಿ ಕಡೆದರು, ಹುಲ್ಲಿನ ಹೊರೆ ಹೊತ್ತರು. 60ಕ್ಕೇ ಬೆನ್ನು ಬಾಗಿತು. ಕೆಲಸದ ಭಾರ ನಿಮ್ಮನ್ನು ಕೇಳಿ ಬರುವುದಿಲ್ಲ. ಜ್ವರ ಇದ್ದರೂ ಕೊಡ ಅಷ್ಟೇ ಭಾರ, ಬಾಣಂತಿಗೂ ಅಷ್ಟೇ ಭಾರ. ವ್ಯಾಯಾಮದಲ್ಲಿ ಇವತ್ತು ಎರಡು ಕಿಲೋ, ಸುಲಭವಾದ ಮೇಲೆ ಮೂರು, ಮರುದಿನ ಆ ಸ್ನಾಯುವಿಗೆ ರಜೆ. ಆ ರಜೆಯಲ್ಲೇ ಸ್ನಾಯು ಕೂಡಿಕೊಳ್ಳುವುದು. ಅಮ್ಮನಿಗೆ ಯಾರು ರಜೆ ಕೊಟ್ಟಿದ್ದರು? ವಾಕಿಂಗ್ ಒಳ್ಳೆಯದೇ, ಹೃದಯಕ್ಕೆ ಬೇಕು. ಆದರೆ ಅದರಲ್ಲಿ ಭಾರ ಏರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ನಡಿಗೆಯಂಥದ್ದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಬಲದ ವ್ಯಾಯಾಮ. ಜಿಮ್ಮೇ ಆಗಬೇಕೆಂದಿಲ್ಲ. ಎಣ್ಣೆಯ 5 ಲೀಟರ್ ಕ್ಯಾನಿಗೆ ನೀರು ತುಂಬಿದರೆ 5 ಕಿಲೋ. ಬಿಪಿ, ಹೃದಯದ ತೊಂದರೆ, ಮಂಡಿ ನೋವು ಇದ್ದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಎರಡನೇ ವಾರ ಪ್ರೋಟೀನ್ ಪುಡಿಯ ಡಬ್ಬಿ ಎದುರಿಗೆ ಬಂತು. ಬೆಲೆ ಕೇಳಿ ವಾಪಸು ಇಟ್ಟೆ. ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎನ್ನುತ್ತದೆ ನಮ್ಮ ರಾಷ್ಟ್ರೀಯ ಪೋಷಣೆ ಸಂಸ್ಥೆ. 60 ಕಿಲೋದವಳಿಗೆ 50 ಗ್ರಾಂ. ವಯಸ್ಸಾದವರಿಗೆ ಸ್ವಲ್ಪ ಜಾಸ್ತಿ ಇರಲಿ ಎನ್ನುವವರಿದ್ದಾರೆ. ಗಂಜಿ, ಉಪ್ಪಿನಕಾಯಿ, ಬೇಳೆಯನ್ನು ಹುಡುಕಬೇಕಾದ ಸಾರು, ಇಷ್ಟರಲ್ಲಿ ಅದು ಹುಟ್ಟುವುದಿಲ್ಲ, ನಿಜ. ಆದರೆ 100 ಗ್ರಾಂ ಹುರುಳಿಯಲ್ಲಿ 22 ಗ್ರಾಂ ಇದೆ! ಅದನ್ನು ಹಿಂದೆ ದನಕ್ಕೂ ಬೇಯಿಸಿ ಹಾಕುತ್ತಿದ್ದೆವು. ಈಗ ಬೆಳಿಗ್ಗೆ ಮೊಳಕೆ ಹೆಸರು, ಮಧ್ಯಾಹ್ನ ಹುರುಳಿ ಪಲ್ಯ, ದೊಡ್ಡ ಬಟ್ಟಲು ಮೊಸರು. ಮೊಟ್ಟೆಯ ವಿಷಯ ಇಲ್ಲಿ ಬರೆಯುವುದಿಲ್ಲ, ಅತ್ತೆ ಫೇಸ್‌ಬುಕ್ಕಿನಲ್ಲಿದ್ದಾರೆ.

ಇನ್ನು ಭಾವನ ಕಥೆ. ಪೆರ್ಲದಿಂದ ಒಳಗೆ ಅವರ ಮನೆ, ಮಲಯಾಳ ಅಷ್ಟಕ್ಕಷ್ಟೆ. ವಿಟಮಿನ್ ಡಿ ಕಡಿಮೆ ಅಂತ 60,000 ಯೂನಿಟಿನ ಪುಡಿ ಬರೆದುಕೊಟ್ಟಿದ್ದರು, ವಾರಕ್ಕೊಂದು. ಔಷಧ ಕೊಟ್ಟವರು "ಆಳ್ಚಯಿಲ್ ಒನ್ನ್" ಅಂದರು. ಆಳ್ಚ ಎಂದರೆ ವಾರ. ಭಾವನಿಗೆ ಕೇಳಿಸಿದ್ದು ಒನ್ನ್ ಮಾತ್ರ. ದಿನಕ್ಕೊಂದರಂತೆ ತೆಗೆದುಕೊಂಡರು, ಮುಗಿದಾಗ ಮತ್ತೆ ತರಿಸಿದರು. ಎರಡು ತಿಂಗಳಾಗುವಾಗ ವಾಂತಿ, ಮಲಬದ್ಧತೆ, ಮಂಪರು. ಮಂಗಳೂರಿಗೆ ಕರೆದುಕೊಂಡು ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳುವುದರಲ್ಲಿತ್ತು. ಡಿ ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಸುಮ್ನೆ ಹೋಗುವಂಥದ್ದಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. ನಮ್ಮ ಗಡಿಯಲ್ಲಿ ಔಷಧದ ಚೀಟಿಗೆ ಕನ್ನಡದಲ್ಲಿ ಒಂದು ಸಾಲು ಬರೆದುಕೊಟ್ಟರೆ ಯಾರ ಗಂಟು ಹೋಗುತ್ತದೆ?

ಅಷ್ಟಕ್ಕೂ ಕೊರತೆ ಇಲ್ಲದವರು ಡಿ ನುಂಗಿ ಲಾಭ ಏನು? ಅಮೆರಿಕದಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಐದು ವರ್ಷ ದಿನವೂ 2,000 ಯೂನಿಟ್ ಡಿ ಅಥವಾ ಔಷಧವೇ ಇಲ್ಲದ ಸುಳ್ಳು ಗುಳಿಗೆ ಕೊಟ್ಟು ನೋಡಿದರು. ಮೂಳೆ ಮುರಿತ ಕಡಿಮೆಯಾಗಲಿಲ್ಲ ಅಂತ 2022ರಲ್ಲಿ ವರದಿ ಬಂತು. ಆ ಜನರನ್ನು ಕೊರತೆ ನೋಡಿ ಆರಿಸಿದ್ದಲ್ಲ. ನಿಜವಾಗಿ ಕಡಿಮೆ ಇರುವವರು ಇದನ್ನು ಓದಿ ಔಷಧ ಬಿಡಬೇಡಿ ಮತ್ತೆ.

ಭಾವ ಈಗ ಆರಾಮ. ಡಾಕ್ಟರು ಹೂಂ ಅಂದ ಮೇಲೆ ಅವರಿಗೊಂದು ಪರೀಕ್ಷೆ ಕಲಿಸಿ ಬಂದಿದ್ದೇನೆ. ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಎದ್ದು ಕೂರುವುದು, 30 ಸೆಕೆಂಡಿನಲ್ಲಿ ಎಷ್ಟು ಸಲ ಅಂತ ಲೆಕ್ಕ. ಅವರಿಗೆ 67. ಆ ವಯಸ್ಸಿನ ಗಂಡಸರಿಗೆ 12ಕ್ಕಿಂತ ಕಡಿಮೆಯಾದರೆ ಬೀಳುವ ಭಯ ಇದೆ ಅಂತ ಅರ್ಥ. ನಿನ್ನೆ ಅಕ್ಕ ಫೋನ್ ಮಾಡಿದ್ದಳು. "ನಿನ್ನ ಭಾವ ಒಂಬತ್ತು ಅಂತ ಹೇಳ್ತಾರೆ. ನಾನು ಎಂಟೇ ಬರೆದಿದ್ದೇನೆ. ಕೊನೆಯದಕ್ಕೆ ಮೇಜು ಹಿಡಿದಿದ್ದರು."